ಅಮ್ಮನಿಗೆ ಒಂದೇ ದಿನದಲ್ಲಿ ಕೇಂಬ್ರಿಡ್ಜ್

ಮೊಣಕಾಲು ನೋವಿರುವ ಅಮ್ಮನಿಗೆ ಒಂದು ದಿನದಲ್ಲಿ ಕೇಂಬ್ರಿಡ್ಜ್ ಹೇಗೆ ತೋರಿಸೋದು ಅಂತ ಕೇಳಿದ್ದೀರಿ. ಊರು ಸಮತಟ್ಟಾಗಿದೆ, ಅದೇ ದೊಡ್ಡ ಅನುಕೂಲ. ಆದರೆ ಸ್ಟೇಷನ್‌ನಿಂದ ನಡೆಸಬೇಡಿ, ಊರಿನ ಮಧ್ಯಭಾಗ ಸುಮಾರು ಎರಡು ಕಿಲೋಮೀಟರ್ ದೂರ, ಬಸ್ ಹತ್ತಿಸಿ.

ಕಿಂಗ್ಸ್ ಕಾಲೇಜ್ ಚಾಪೆಲ್ ಮಾತ್ರ ತಪ್ಪಿಸಬೇಡಿ. 1446ರಲ್ಲಿ ಕಟ್ಟೋಕೆ ಶುರು ಮಾಡಿದ್ದು. ಹಗಲು ಹೋದರೆ ಟಿಕೆಟ್, ಅದೂ ಕಮ್ಮಿಯೇನಿಲ್ಲ. ಟರ್ಮ್, ಅಂದರೆ ಪಾಠ ನಡೆಯುವ ತಿಂಗಳುಗಳು, ಇರುವಾಗ ಸಂಜೆಯ ಪ್ರಾರ್ಥನೆಗೆ ಹೋದರೆ ದುಡ್ಡಿಲ್ಲ, ಯಾವ ಧರ್ಮದವರೂ ಬರಬಹುದು, ಅಮ್ಮ ಆರಾಮಾಗಿ ಕೂತು ಹುಡುಗರ ಹಾಡು ಕೇಳುತ್ತಾ ತಲೆಯ ಮೇಲಿನ ಕಲ್ಲಿನ ಚಾವಣಿ ನೋಡಬಹುದು. ಬೀಸಣಿಗೆ ಬಿಚ್ಚಿಟ್ಟ ಹಾಗೆ ಗೋಡೆಯಿಂದ ಗೋಡೆಗೆ ಹರಡಿಕೊಂಡಿರುತ್ತೆ. ಸಮಯ ಮಾತ್ರ ಅವರ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ.

ದೋಣಿ ವಿಹಾರ ಬೇಕೇ ಬೇಕು ಅಂತೇನಿಲ್ಲ. ಪಂಟ್ ಅನ್ನೋ ಇಲ್ಲಿನ ಚಪ್ಪಟೆ ದೋಣಿ ತುಂಬಾ ತಗ್ಗು, ಅಲ್ಲಾಡುತ್ತೆ, ಕಾಲು ಮಡಚಿ ಕೆಳಗಿಳಿದು ಕೂರಬೇಕು, ಏಳುವಾಗಂತೂ ಇನ್ನೂ ಕಷ್ಟ. ಗ್ರೇಟ್ ಸೇಂಟ್ ಮೇರೀಸ್ ಚರ್ಚಿನ ಗೋಪುರವೂ ಬೇಡ, ಬರೀ ಮೆಟ್ಟಿಲು. ಫಿಟ್ಜ್‌ವಿಲಿಯಮ್ ಮ್ಯೂಸಿಯಂಗೆ ಪ್ರವೇಶ ಉಚಿತ, ಸೋಮವಾರ ರಜಾ.

ಟ್ರಿನಿಟಿ ಕಾಲೇಜಿನ ಬಾಗಿಲ ಮುಂದೆ ಒಂದೈದು ನಿಮಿಷ ನಿಲ್ಲಿ. ನ್ಯೂಟನ್ ಓದಿದ್ದೂ ಅಲ್ಲೇ, 1914ರಲ್ಲಿ ನಮ್ಮ ರಾಮಾನುಜನ್ ಬಂದಿದ್ದೂ ಅಲ್ಲಿಗೇ. ಅಮ್ಮನಿಗೆ ರಾಮಾನುಜನ್ ಅವರ ಕಥೆ ಹೇಳಿ, ಸುಮ್ನೆ ಕಟ್ಟಡ ತೋರಿಸೋದಕ್ಕಿಂತ ಅದು ಜಾಸ್ತಿ ಮುಟ್ಟುತ್ತೆ ಅಲ್ವಾ? ಮಾಂಸ ತಿನ್ನದೆ ಮಡಿಯಲ್ಲೇ ಇರಬೇಕು ಅಂತ ಹಟ ಹಿಡಿದು, ಯುದ್ಧದ ಕಾಲದಲ್ಲಿ ತರಕಾರಿಯೂ ಸರಿಯಾಗಿ ಸಿಗದೆ, ಆ ಚಳಿಯಲ್ಲಿ ತಾವೇ ಅಡುಗೆ ಮಾಡಿಕೊಳ್ಳುತ್ತಿದ್ದರು.

ಮೇ, ಜೂನ್‌ನಲ್ಲಿ ಪರೀಕ್ಷೆ ಇರುತ್ತೆ, ಎಷ್ಟೋ ಕಾಲೇಜುಗಳು ಹೊರಗಿನವರನ್ನು ಬಿಡಲ್ಲ. ಟಿಕೆಟ್ ಬುಕ್ ಮಾಡೋ ಮೊದಲು ಅದನ್ನು ನೋಡಿಕೊಳ್ಳಿ.