ಇಂಗ್ಲಿಷ್ ವಾಕ್ಯಕ್ಕೆ ಸಿವುಡು ಕಟ್ಟಿದ ಅಕ್ಕೋರು

ಇವರನ್ನು ಗಿರಿಜಾ ಎಂದು ಕರೆಯುತ್ತೇನೆ. ನಿಜವಾದ ಹೆಸರು ಬೇರೆ. ಮನೆ, ಶಾಲೆ, ವಾರಗಳ ವಿವರವನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ. "ಹಾವೇರಿ ಜಿಲ್ಲೆ ಎಂದು ಬೇಕಾದರೆ ಹಾಕಿ, ಹಳ್ಳಿಯ ಹೆಸರು ಮಾತ್ರ ಬೇಡ" ಎಂಬ ಷರತ್ತಿನ ಮೇಲೆ ಬರೆಯಲು ಒಪ್ಪಿದ್ದಾರೆ. ವಯಸ್ಸು 44. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ, ಊರಿನವರ ಬಾಯಲ್ಲಿ ‘ಅಕ್ಕೋರು’.

ಹುಬ್ಬಳ್ಳಿಯ ನನ್ನ ಆಪ್ತಸಲಹೆಯ ಕೋಣೆಗೆ ಅವರು ಬಂದದ್ದು ಇಂಗ್ಲಿಷಿಗಾಗಿ ಅಲ್ಲ, ತಲೆನೋವಿಗಾಗಿ. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಎದ್ದೊಡನೆ ಹಣೆ ಸಿಡಿಯುತ್ತಿತ್ತು. ಕಣ್ಣು, ಬಿಪಿ, ರಕ್ತ ಎಲ್ಲವನ್ನೂ ತೋರಿಸಿಯಾಗಿತ್ತು. ಏನೂ ಸಿಗದಿದ್ದಾಗ ವೈದ್ಯರು ಇತ್ತ ಕಳುಹಿಸಿದ್ದರು. ಜೊತೆಗೆ ಬಂದ ಯಜಮಾನರು ಕುಳಿತುಕೊಳ್ಳುವ ಮೊದಲೇ ಕಾರಣ ಹೇಳಿಬಿಟ್ಟರು: "ಮೊಬೈಲ್ ಜಾಸ್ತಿ ನೋಡುತ್ತಾಳೆ ಮೇಡಂ." ಅವರನ್ನು ಚಹಾ ಕುಡಿದು ಬರಲು ಕಳುಹಿಸಿ ಶಾಲೆಯ ವೇಳಾಪಟ್ಟಿ ಕೇಳಿದೆ. ಆ ಎರಡೂ ದಿನ ಮೊದಲ ಅವಧಿ ಇಂಗ್ಲಿಷ್.

ಗಿರಿಜಾ ಓದುವ ಕಾಲದಲ್ಲಿ ಕನ್ನಡ ಶಾಲೆಗಳಲ್ಲಿ ಎ ಬಿ ಸಿ ಡಿ ಶುರುವಾಗುತ್ತಿದ್ದುದೇ ಐದನೆಯ ತರಗತಿಯಲ್ಲಿ. ಅವರು ಕೆಲಸಕ್ಕೆ ಸೇರಿದ ಮೇಲೆ, 2007-08ರಿಂದ, ಸರ್ಕಾರಿ ಶಾಲೆಗಳಿಗೆ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂತು. ಹಲವು ವರ್ಷ ಆ ಪಾಠವನ್ನು ಇನ್ನೊಬ್ಬ ಮಾಸ್ತರು ನೋಡಿಕೊಂಡರು. ಅವರಿಗೆ ವರ್ಗವಾಯಿತು, ಪಾಠ ಇವರ ಪಾಲಿಗೆ ಬಂತು. ಅದಾದ ಕೆಲವೇ ತಿಂಗಳಲ್ಲಿ ಶಿಕ್ಷಕರ ಸಭೆಯೊಂದರಲ್ಲಿ ಎದ್ದು ನಿಂತು ತಮ್ಮ ತರಗತಿಯ ಬಗ್ಗೆ ನಾಲ್ಕು ವಾಕ್ಯ ಇಂಗ್ಲಿಷಿನಲ್ಲಿ ಹೇಳಬೇಕಾಯಿತು. "ಟುಡೇ ಐ" ಎಂಬಲ್ಲಿಗೆ ಮಾತು ನಿಂತಿತು. "ಕನ್ನಡದಲ್ಲೇ ಹೇಳಿಬಿಡಿ ಮೇಡಂ" ಎಂದು ಯಾರೋ ಅಂದರು. ಅಂದವರ ಮನಸ್ಸಿನಲ್ಲಿ ಕರುಣೆಯೇ ಇದ್ದಿರಬಹುದು, ಆದರೆ ಹಿಂದಿನ ಸಾಲು ನಕ್ಕಿತು. ಮನೆಯಲ್ಲಿ ಮಗಳು ಹುಬ್ಬಳ್ಳಿಯ ಇಂಗ್ಲಿಷ್ ಮಾಧ್ಯಮದಲ್ಲಿ ಓದುವವಳು. ರಜೆಗೆ ಬಂದಾಗ ಅವ್ವನ ಒಂದೊಂದು ಪದಕ್ಕೂ "ಅವ್ವಾ, ತಪ್ಪು" ಎನ್ನುತ್ತಾಳೆ. ಇದನ್ನು ಹೇಳುವಾಗ ಮಾತ್ರ ಗಿರಿಜಾ ಅತ್ತರು. ಸಭೆಯ ಕಥೆ ಹೇಳುವಾಗ ಅಳಲಿಲ್ಲ.

ಮೊದಲ ಭೇಟಿಯಲ್ಲಿ ನಾನು ಏನನ್ನೂ ಕಲಿಸಲಿಲ್ಲ. ಅವರಿಗೆ ಏನು ಬರುತ್ತದೆ ಎಂದು ನೋಡಿದೆ. ಇಂಗ್ಲಿಷಿನ ಹನ್ನೆರಡು ಕಾಲಗಳ ಕೋಷ್ಟಕ ಬರೆಯಲು ಹೇಳಿದರೆ ಒಂದೂ ತಪ್ಪಿಲ್ಲದೆ ಬರೆದುಕೊಟ್ಟರು, ಗೆರೆ ಎಳೆದು, ಮಕ್ಕಳ ನೋಟ್‌ಬುಕ್ಕಿನ ಹಾಗೆ. ನನಗೂ ಅಷ್ಟು ಚೊಕ್ಕವಾಗಿ ಬರುವುದಿಲ್ಲ. "ನಿನ್ನೆ ಏನು ಮಾಡಿದಿರಿ? ಒಂದೇ ವಾಕ್ಯ ಇಂಗ್ಲಿಷಿನಲ್ಲಿ ಹೇಳಿ" ಎಂದೆ. ಬಹಳ ಹೊತ್ತಿನ ಮೇಲೆ ಬಂದದ್ದು "ಐ ಯೆಸ್ಟರ್‌ಡೇ ಮಾರ್ಕೆಟ್ ಟು..." ಅಲ್ಲಿಗೆ ಮುಗಿಯಿತು.

ಇಂತಹವರಿಗೆ ಇನ್ನೊಂದು ವ್ಯಾಕರಣ ಪುಸ್ತಕ ಕೊಡಿಸುವುದು ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದ ಹಾಗೆ. ಹುಬ್ಬಳ್ಳಿಯ ಗೋಡೆಗಳ ಮೇಲೆ ಮೂವತ್ತು ದಿನಗಳಲ್ಲಿ ಇಂಗ್ಲಿಷ್ ಕಲಿಸುವವರ ಚೀಟಿಗಳಿಗೆ ಬರವಿಲ್ಲ. ಅಂಥದೊಂದು ತರಗತಿಗೆ ಹಣ ಕಟ್ಟಲೇ ಎಂದು ಗಿರಿಜಾ ಕೇಳಿದರು. ಈಗ ಬೇಡ ಎಂದೆ. ಅಂತಹ ತರಗತಿಗಳ ಮೇಲೆ ನನಗೆ ಹಗೆಯಿಲ್ಲ. ಆದರೆ ಮೊದಲ ದಿನವೇ ಎಲ್ಲರೆದುರು ಎದ್ದು ನಿಂತು ಪರಿಚಯ ಹೇಳಿಸುತ್ತಾರೆ. ಇವರಿಗೆ ಅದು ಆ ಸಭೆಯ ಇನ್ನೊಂದು ಪ್ರತಿ.

ಎರಡನೆಯ ಭೇಟಿಯಲ್ಲಿ ಒಂದು ಆಟ ಆಡಿದೆವು. ಮದರ್, ದ, ಸೋಲ್ಡ್, ಮಾರ್ಕೆಟ್, ರೆಡ್, ಯೆಸ್ಟರ್‌ಡೇ, ಇನ್, ಚಿಲ್ಲೀಸ್, ಬ್ಯಾಡಗಿ ಎಂದು ಒಂಬತ್ತು ಪದಗಳನ್ನು ಕಲಸಿ ಓದಿದೆ, ತಿರುಗಿ ಹೇಳಲು ಕೇಳಿದೆ. ಐದು ನೆನಪಿದ್ದವು. ಬಳಿಕ ಅವೇ ಒಂಬತ್ತನ್ನು "ಮದರ್, ಸೋಲ್ಡ್, ರೆಡ್ ಚಿಲ್ಲೀಸ್, ಇನ್ ದ ಬ್ಯಾಡಗಿ ಮಾರ್ಕೆಟ್, ಯೆಸ್ಟರ್‌ಡೇ" ಎಂದು ಐದು ತುಂಡು ಮಾಡಿ ಓದಿದೆ. ಒಂದೇ ಉಸಿರಿಗೆ ತಿರುಗಿ ಹೇಳಿದರು. ಹತ್ತು ಅಂಕಿಯ ಮೊಬೈಲ್ ನಂಬರನ್ನು ನಾವು ಬಿಡಿಬಿಡಿಯಾಗಿ ನೆನಪಿಡುತ್ತೇವೆಯೇ? ಐದೈದು ಮಾಡಿಯೋ ಮೂರು ಮೂರು ನಾಲ್ಕು ಮಾಡಿಯೋ ಇಟ್ಟುಕೊಳ್ಳುತ್ತೇವೆ. ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಪ್ರಸಿದ್ಧ ಲೇಖನದ ತಿರುಳು ಇದೇ: ಮನಸ್ಸು ಒಂದು ಸಲಕ್ಕೆ ಹಿಡಿದುಕೊಳ್ಳುವುದು ಏಳು, ಎರಡು ಹೆಚ್ಚು ಅಥವಾ ಎರಡು ಕಡಿಮೆ, ಆದರೆ ಆ ಒಂದೊಂದೂ ಒಂದು ಅಕ್ಷರವಾಗಿರಬೇಕಿಲ್ಲ, ಒಂದು ಕಟ್ಟು ಆಗಿರಬಹುದು. 2001ರಲ್ಲಿ ಇನ್ನೊಬ್ಬ ಮನೋವಿಜ್ಞಾನಿ ನೆಲ್ಸನ್ ಕೋವನ್ ಆ ಏಳನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ಅದರಲ್ಲೂ ಭಯ ಒಂದೆರಡು ಜಾಗವನ್ನು ಕಬಳಿಸುತ್ತದೆ. ‘ನಗುತ್ತಾರೇನೋ’ ಎಂಬ ಯೋಚನೆ ಒಳಗೆ ಕುಳಿತಿರುವಾಗ ಉಳಿದ ಜಾಗದಲ್ಲಿ ಒಂಬತ್ತು ಪದಗಳು ಹಿಡಿಸುವುದೆಲ್ಲಿ? ಸಭೆಯಲ್ಲಿ ಮಾತು ನಿಂತದ್ದಕ್ಕೆ ಬುದ್ಧಿ ಕಡಿಮೆ ಎಂದು ಅರ್ಥವಲ್ಲ, ಜಾಗ ಇರಲಿಲ್ಲ ಎಂದೆ. ಅವರು ಆ ಮಾತನ್ನು ಬರೆದುಕೊಂಡರು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಗಿರಿಜಾರ ತವರು ಗದಗ, ಕುಮಾರವ್ಯಾಸನು ವೀರನಾರಾಯಣನ ಗುಡಿಯಲ್ಲಿ ಕುಳಿತು ಭಾರತ ಬರೆದನೆಂದು ಜನ ನಂಬುವ ಊರು. ಛಂದಸ್ಸೆಂದರೆ ಅವರಿಗೆ ನೀರು ಕುಡಿದಷ್ಟು ಸಲೀಸು. ಅದನ್ನು ಕೇಳಿ ಹುರುಪಾಗಿ, "ಭಾಮಿನಿ ಷಟ್ಪದಿಯ ಸಾಲನ್ನು ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಗಳ ಗಣಗಳಾಗಿ ಒಡೆಯುತ್ತೀರಲ್ಲ, ಇದೂ ಹಾಗೆಯೇ" ಎಂದುಬಿಟ್ಟೆ. ಮುಂದಿನ ವಾರ ನೋಟ್‌ಬುಕ್ ತೆರೆದರೆ ಪಾಠಪುಸ್ತಕದ ವಾಕ್ಯಗಳೆಲ್ಲ ಪ್ರಸ್ತಾರ ಹಾಕಿಸಿಕೊಂಡು ಮಲಗಿದ್ದವು. ಮೂರು ಪದಕ್ಕೊಂದು ಗೆರೆ. ‘ಮದರ್ ಸೋಲ್ಡ್ ರೆಡ್’ ಒಂದು ಗಣ, ‘ಚಿಲ್ಲೀಸ್ ಇನ್ ದ’ ಇನ್ನೊಂದು. ಗಣ ಬೀಳುವುದು ಲಯಕ್ಕೆ, ಪದದ ಹೊಟ್ಟೆಯನ್ನು ಸೀಳಿಯೂ ಬೀಳುತ್ತದೆ. ವಾಕ್ಯದ ತುಂಡು ಬೀಳಬೇಕಾದದ್ದು ಅರ್ಥಕ್ಕೆ. ಉಪಮೆ ಚೆನ್ನಾಗಿದೆ ಎಂದು ಹಿಗ್ಗಿ ಆಡಿದ ಮಾತಿನಿಂದ ಅವರ ಒಂದು ವಾರ ಹಾಳಾಯಿತು. ಕ್ಷಮೆ ಕೇಳಿದೆ.

ಅವರೇ ಬೇರೆ ಉಪಮೆ ಕೊಟ್ಟರು. "ಹಾಗಾದರೆ ಇದು ಸಂತೆಯ ಪಲ್ಲೆ ಮೇಡಂ. ಕೊತ್ತಂಬರಿಯನ್ನು ಎಸಳೆಸಳಾಗಿ ಮಾರುವುದಿಲ್ಲ, ಸಿವುಡು ಕಟ್ಟಿ ಮಾರುತ್ತಾರೆ. ಮೆಂತ್ಯ ಕೊತ್ತಂಬರಿ ಎರಡನ್ನೂ ಸೇರಿಸಿ ಕಟ್ಟುವುದೂ ಇಲ್ಲ." ಅಂದಿನಿಂದ ನಮ್ಮಿಬ್ಬರ ನಡುವೆ ಅದು ಸಿವುಡು.

ಸಿವುಡು ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ತಿಳಿಯಲು ಕನ್ನಡವೇ ಅಳತೆಗೋಲು. ನಮ್ಮ ಭಾಷೆ ಪ್ರತ್ಯಯಗಳನ್ನು ಬೆನ್ನಿಗೆ ಅಂಟಿಸಿಕೊಂಡು ಒಂದೇ ಪದ ಮಾಡುತ್ತದೆ. ಇಂಗ್ಲಿಷ್ ಅವನ್ನೇ ಬಿಡಿಸಿ ಮುಂದೆ ಹರಡುತ್ತದೆ. ‘ಮಾರುಕಟ್ಟೆಗೆ’ ಎಂಬ ಒಂದು ಪದ ಅಲ್ಲಿ ‘ಟು ದ ಮಾರ್ಕೆಟ್’ ಎಂಬ ಮೂರು. ‘ಮಕ್ಕಳಿಗಾಗಿ’ ಎಂಬುದು ‘ಫಾರ್ ದ ಚಿಲ್ಡ್ರನ್’. ‘ಬರೆಯುತ್ತಿರಲಿಲ್ಲ’ ಎಂಬುದು ‘ವಾಸ್ ನಾಟ್ ರೈಟಿಂಗ್’. ಗಿರಿಜಾ ಆ ಮೂರನ್ನು ಮೂರಾಗಿಯೇ ಹುಡುಕುತ್ತಿದ್ದರು: ಮೊದಲು ಮಾರ್ಕೆಟ್, ಆಮೇಲೆ ‘ಗೆ’ಗೆ ಏನು, ‘ದ’ ಬೇಕೋ ಬೇಡವೋ. ಹುಡುಕಿ ಮುಗಿಯುವಷ್ಟರಲ್ಲಿ ವಾಕ್ಯದ ತಲೆ ಮರೆತುಹೋಗುತ್ತಿತ್ತು. ಆ ಮೂರನ್ನೂ ಒಂದೇ ಪದವೆಂದು, ನಡುವೆ ಉಸಿರು ಬಿಡದೆ, ಬಾಯಿಪಾಠ ಮಾಡಿ ಎಂದೆ.

ಒಂಟಿ ಪದಕ್ಕೆ ಒಂಟಿ ಪದ ಕೂಡಿಸಿ ಕಲಿತರೆ ಆಗುವ ಹಾನಿಗೆ ‘ಇಂದ’ ಒಳ್ಳೆಯ ಸಾಕ್ಷಿ. ಇಂದ ಎಂದರೆ ‘ಫ್ರಮ್’ ಎಂದು ಅವರು ಕಲಿತಿದ್ದರು, ಮಕ್ಕಳಿಗೂ ಕಲಿಸಿದ್ದರು. ‘ಹಾವೇರಿಯಿಂದ ಬಂದೆ’ ಎಂಬುದಕ್ಕೆ ಅದು ಸರಿ. ‘ಚಾಕುವಿನಿಂದ ಹೆಚ್ಚಿದೆ’ ಎಂಬುದಕ್ಕೆ ಅದನ್ನೇ ಹಚ್ಚಿದರೆ ‘ಕಟ್ ಇಟ್ ಫ್ರಮ್ ಎ ನೈಫ್’ ಆಗಿಬಿಡುತ್ತದೆ. ‘ವಿತ್ ಎ ನೈಫ್’ ಎಂದು ಇಡೀ ಸಿವುಡನ್ನೇ ಕಲಿತವರಿಗೆ ಈ ತಪ್ಪು ಮಾಡಲು ಅವಕಾಶವೇ ಇಲ್ಲ. ‘ಗೆ’ ಕೂಡ ಹಾಗೆಯೇ. ಮಾರುಕಟ್ಟೆಗೆ ಹೋದರೆ ‘ಟು’ ಬೇಕು, ಮನೆಗೆ ಹೋದರೆ ಬೇಡ, ‘ವೆಂಟ್ ಹೋಮ್’ ಅಷ್ಟೇ. ಇನ್ನು ‘ನನಗೆ’ ಎಂದು ಶುರುವಾಗುವ ನಮ್ಮ ಮಾತುಗಳಂತೂ ಅಲ್ಲಿ ಬೇರೆಯೇ ವೇಷ ತೊಡುತ್ತವೆ. ನನಗೆ ಗೊತ್ತು ಎಂಬುದು ‘ಐ ನೋ’, ನನಗೆ ಹಸಿವಾಗಿದೆ ಎಂಬುದು ‘ಐ ಆಮ್ ಹಂಗ್ರಿ’. ಇವನ್ನು ಬಿಡಿಸಿ ನೋಡಬಾರದು, ಇಡಿಯಾಗಿ ನುಂಗಬೇಕು.

ಸಿವುಡುಗಳನ್ನು ಜೋಡಿಸುವುದು ಹೇಗೆ? ಅದೇ ಮೆಣಸಿನಕಾಯಿ ವಾಕ್ಯವನ್ನು ಕನ್ನಡದಲ್ಲಿ ಐದು ಚೀಟಿಗಳ ಮೇಲೆ ಬರೆಸಿದೆ: ಅವ್ವ, ನಿನ್ನೆ, ಬ್ಯಾಡಗಿ ಮಾರುಕಟ್ಟೆಯಲ್ಲಿ, ಕೆಂಪು ಮೆಣಸಿನಕಾಯಿ, ಮಾರಿದಳು. ಮೊದಲ ಚೀಟಿಯನ್ನು ಅಲ್ಲೇ ಬಿಟ್ಟು ಉಳಿದ ನಾಲ್ಕನ್ನು ಬಾಲದಿಂದ ಎತ್ತಿಡಲು ಹೇಳಿದೆ. ಮಾರಿದಳು, ಕೆಂಪು ಮೆಣಸಿನಕಾಯಿ, ಬ್ಯಾಡಗಿ ಮಾರುಕಟ್ಟೆಯಲ್ಲಿ, ನಿನ್ನೆ. ಇಂಗ್ಲಿಷಿನ ಸಾಲು ತಾನಾಗಿ ಬಂದು ಕುಳಿತಿತು. ಗಿರಿಜಾ ಚೀಟಿಗಳನ್ನು ಮೂರು ಸಲ ಕೆಡಿಸಿ ಮೂರು ಸಲ ಜೋಡಿಸಿದರು. "ಇಷ್ಟು ವರ್ಷ ಯಾರೂ ಹೇಳಲಿಲ್ಲವಲ್ಲ" ಎಂದರು, ಸ್ವಲ್ಪ ಸಿಟ್ಟಿನಿಂದಲೇ. ಸಿವುಡಿನ ಒಳಗೆ ಮಾತ್ರ ಈ ತಿರುವುಮುರುವು ಬೇಡ: ಕೆಂಪು ಮೆಣಸಿನಕಾಯಿ ಅಲ್ಲಿಯೂ ‘ರೆಡ್ ಚಿಲ್ಲೀಸ್’ ಆಗಿಯೇ ಉಳಿಯುತ್ತದೆ. ಪ್ರಶ್ನೆಗಳಿಗೂ ಈ ದಾರಿ ಸಾಲದು. ‘ಕ್ಯಾನ್ ಯು’, ‘ಡು ಯು ಹ್ಯಾವ್’, ‘ಹೂ ಈಸ್’ ಎಂಬ ತಲೆಗಳನ್ನು ಬೇರೆಯಾಗಿ ಕಲಿಯಬೇಕು.

ನಾನು ಬರೆದುಕೊಟ್ಟ ಸಲಹೆ ಒಂದು ಪುಟ ಮೀರಲಿಲ್ಲ. ದಿನಕ್ಕೆ ಮೂರೇ ಸಿವುಡು, ನಾಲ್ಕನೆಯದು ಬೇಡ. ನೋಟ್‌ಬುಕ್ಕಿನ ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಇಂಗ್ಲಿಷ್, ಇಡೀ ಸಿವುಡಿನ ಕೆಳಗೆ ಮುರಿಯದ ಒಂದು ಗೆರೆ. ಬಲಪುಟ ಮುಚ್ಚಿಕೊಂಡು ಮರುದಿನ, ಮೂರನೆಯ ದಿನ, ಮತ್ತೆ ವಾರದ ಮೇಲೆ ಹೇಳಿ ನೋಡುವುದು. ಕಲಿತದ್ದು ಮೊದಲ ದಿನಗಳಲ್ಲೇ ಹೆಚ್ಚು ಸೋರಿಹೋಗುತ್ತದೆ ಎಂದು ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದಾನೆ. ಸಿವುಡುಗಳನ್ನು ಪುಸ್ತಕದಿಂದ ಆರಿಸಬಾರದು, ತರಗತಿಯಲ್ಲಿ ದಿನವೂ ಬೇಕಾಗುವ ಮಾತಿನಿಂದ ಆರಿಸಬೇಕು. ಲೆಕ್ಕ ಹಾಕಿದೆವು. ಮೂವತ್ತು ಚಿಲ್ಲರೆ ವಾಕ್ಯಗಳಲ್ಲಿ ಅವರ ಇಡೀ ಅವಧಿ ಮುಗಿಯುತ್ತದೆ. ರೊಟ್ಟಿ ಬಡಿಯುವಾಗ ಗಟ್ಟಿಯಾಗಿ ಹೇಳಿಕೊಳ್ಳಬೇಕು, ಏಕೆಂದರೆ ಮನಸ್ಸಿನಲ್ಲೇ ಓದಿದ್ದು ಸಭೆಯಲ್ಲಿ ಬಾಯಿಗೆ ಬರುವುದಿಲ್ಲ. ಹುಬ್ಬಳ್ಳಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಹೊರಗೆ ಕಂಡದ್ದಕ್ಕೆ ಸಿವುಡು ಕಟ್ಟುವುದನ್ನು ಅವರೇ ಸೇರಿಸಿಕೊಂಡರು. ಬಂಕಾಪುರ ದಾಟುವಾಗ ‘ಪೀಕಾಕ್ಸ್, ಲಿವ್, ಇನ್ ದ ಬಂಕಾಪುರ ಫೋರ್ಟ್’ ಎಂದು ಪಿಸುಗುಟ್ಟಿದ್ದನ್ನು ಪಕ್ಕದಲ್ಲಿದ್ದ ಅಜ್ಜಿ ಮಂತ್ರವೆಂದು ತಿಳಿದು ಕೈ ಮುಗಿದಳಂತೆ.

ಮಗಳನ್ನು ಒಮ್ಮೆ ಕರೆಸಿದೆ. ಕೆಟ್ಟ ಹುಡುಗಿಯಲ್ಲ. ಶಾಲೆಯಲ್ಲಿ ತನ್ನ ತಪ್ಪುಗಳಿಗೆ ಸಿಗುವ ನಗುವನ್ನೇ ಮನೆಗೆ ತಂದು ಅವ್ವನಿಗೆ ಹಂಚುತ್ತಿದ್ದಳು. ವಾಕ್ಯದ ನಡುವೆ ಬಾಯಿ ಹಾಕಬಾರದು, ‘ತಪ್ಪು’ ಎಂಬ ಪದವನ್ನೇ ಬಳಸದೆ ಸರಿಯಾದ ಸಿವುಡನ್ನು ಒಮ್ಮೆ ಹೇಳಿ ಸುಮ್ಮನಾಗಬೇಕು, ಅದೂ ದಿನಕ್ಕೆ ಒಂದೇ ಎಂದು ಒಪ್ಪಂದವಾಯಿತು. ಬದಲಿಗೆ ಅವ್ವ ಅವಳಿಗೆ ಪ್ರಸ್ತಾರ ಕಲಿಸುವುದೆಂದು ಮಾತಾಯಿತು. ಪರೀಕ್ಷೆ ಬಂದು ಎಂಟೇ ದಿನಕ್ಕೆ ಅದು ಬಿದ್ದುಹೋಯಿತು. ಈಗಲೂ ಮಗಳು ಕೆಲವು ಸಲ ನಗುತ್ತಾಳೆ. "ಲಘು ಗುರು ಹಾಕು, ಆಮೇಲೆ ನಗು" ಎನ್ನುವುದನ್ನು ಅವ್ವ ಕಲಿತಿದ್ದಾರೆ. ಯಜಮಾನರಿಗೆ ನಾನು ಹೇಳಿದ್ದು ಒಂದೇ: ಮಂಗಳವಾರ, ಶುಕ್ರವಾರ ಬೆಳಿಗ್ಗೆ "ತಲೆ ನೋಯುತ್ತಿದೆಯೇ" ಎಂದು ಕೇಳಬೇಡಿ.

ನಾಲ್ಕನೆಯ ತಿಂಗಳಲ್ಲಿ ಮತ್ತೆ ಸಭೆ ಬಂತು. ಎದ್ದು ನಿಲ್ಲುವ ಮೊದಲು ಅಂಗಾಲು ನೆಲಕ್ಕೆ ಊರಿ ನಿಧಾನವಾಗಿ ಉಸಿರು ಬಿಡುವುದನ್ನೂ, ಮಾತು ನಿಂತರೆ ಸಿವುಡು ಮುಗಿದ ಕಡೆಯಲ್ಲೇ ನಿಲ್ಲುವುದನ್ನೂ ಅಭ್ಯಾಸ ಮಾಡಿಸಿದ್ದೆ. ಅಲ್ಲಿ ನಿಂತರೆ ಕೇಳುವವರಿಗೆ ತಡವರಿಕೆ ಎನಿಸುವುದಿಲ್ಲ, ಯೋಚಿಸಿ ಮಾತನಾಡುತ್ತಿದ್ದಾರೆ ಎನಿಸುತ್ತದೆ. ನಾಲ್ಕು ವಾಕ್ಯ ಹೇಳಿದರು. ಮೂರನೆಯದರಲ್ಲಿ ನಿಂತರು, ಮುಂದುವರಿಸಿದರು. ‘ಇನ್ ಮಂಡೇ’ ಎಂದದ್ದು ಅವರೊಬ್ಬರಿಗೇ ಗೊತ್ತಾಯಿತು.

ಅದನ್ನೇ ಹಿಡಿದುಕೊಂಡು ಕಳೆದ ಭೇಟಿಗೆ ಬಂದರು. "ಮಂಡೇಗೆ ‘ಆನ್’, ಮಾರ್ನಿಂಗಿಗೆ ‘ಇನ್ ದ’. ಯಾಕೆ ಮೇಡಂ?" ಎಂದರು. "ಯಾಕೆ ಎಂದು ಕೇಳಿದರೆ ಮತ್ತೆ ಕೋಷ್ಟಕಕ್ಕೇ ಹೋಗುತ್ತೀರಿ, ಹಾಗೆಯೇ ಕಟ್ಟಿಕೊಳ್ಳಿ" ಎಂದೆ. ಒಪ್ಪಿಗೆಯಾಗಲಿಲ್ಲ. ಆದರೂ ಎಡಪುಟದಲ್ಲಿ ‘ಸೋಮವಾರದಂದು’, ಬಲಪುಟದಲ್ಲಿ ‘ಆನ್ ಮಂಡೇ’ ಎಂದು ಬರೆದು ಗೆರೆ ಎಳೆದರು. ತಲೆನೋವು ಶುಕ್ರವಾರ ಬಿಟ್ಟಿದೆ, ಮಂಗಳವಾರ ಆಗೀಗ ಬರುತ್ತದೆ. ಮಾತ್ರೆಯ ಪಟ್ಟಿ ಪರ್ಸಿನಲ್ಲಿ ಇನ್ನೂ ಇದೆ. ತೆಗೆದುಬಿಡಿ ಎಂದು ನಾನು ಹೇಳಿಲ್ಲ. ಮುಂದಿನ ಭೇಟಿ ದಸರಾ ರಜೆಯಲ್ಲಿ.