ಕೈಗಾ ಸುತ್ತಲಿನ ಬಾವಿ: ಗೈಗರ್ ಮೀಟರ್ ಸುಮ್ಮನಿದ್ದರೆ ನೀರು ಸರಿಯಾ?

ಪ್ರಶ್ನೆ: ನಮ್ಮ ಮನೆ ಕಾರವಾರ ತಾಲ್ಲೂಕಿನಲ್ಲಿದೆ. ಕೈಗಾ ಅಣು ವಿದ್ಯುತ್ ಸ್ಥಾವರ ತುಂಬ ದೂರವೇನಿಲ್ಲ. ತಮ್ಮ ಆನ್‌ಲೈನ್‌ನಲ್ಲಿ ವಿಕಿರಣ ಅಳೆಯುವ ಗೈಗರ್ ಮೀಟರ್ ತರಿಸಿ ಬಾವಿ ನೀರಿನ ಬಕೆಟ್ ಮೇಲೆ ಹಿಡಿದ. ಅಂಗಳದಲ್ಲಿ ಎಷ್ಟು ತೋರಿಸಿತ್ತೋ ಅಷ್ಟೇ ತೋರಿಸಿತು. ನೀರು ಸರಿಯಿದೆ ಅಂತ ನಂಬಬಹುದಾ? ಆರ್‌ಒ ಹಾಕಿಸಿದರೆ ಇನ್ನೂ ಒಳ್ಳೆಯದಾ?

ಉತ್ತರ: ನೀರು ಸರಿಯಾಗಿರುವ ಸಾಧ್ಯತೆಯೇ ಜಾಸ್ತಿ. ಆದರೆ ಹಾಗಂತ ಹೇಳುವ ತಾಕತ್ತು ಆ ಮೀಟರಿಗಿಲ್ಲ.

ಕೈಗಾದಲ್ಲಿ ಭಾರಜಲ ಬಳಸುವ, ತಲಾ 220 ಮೆಗಾವ್ಯಾಟ್‌ನ ನಾಲ್ಕು ರಿಯಾಕ್ಟರ್‌ಗಳಿವೆ. ಭಾರಜಲದಲ್ಲಿರುವ ಡ್ಯುಟೀರಿಯಂ (ಭಾರವಾದ ಹೈಡ್ರೋಜನ್) ನ್ಯೂಟ್ರಾನ್ ನುಂಗಿದಾಗ ಟ್ರಿಟಿಯಂ, ಅಂದರೆ ವಿಕಿರಣ ಸೂಸುವ ಹೈಡ್ರೋಜನ್, ಹುಟ್ಟುತ್ತದೆ. ಇಂಥ ಸ್ಥಾವರದ ಸುತ್ತ ಅಂತರ್ಜಲದಲ್ಲಿ ಮೊದಲು ಹುಡುಕುವುದು ಇದನ್ನೇ. ಸೀಸಿಯಂನಂಥ ಬೇರೆ ವಿಕಿರಣ ವಸ್ತುಗಳು ಜೇಡಿಮಣ್ಣಿಗೆ ಅಂಟಿಕೊಂಡು ಹಿಂದೆ ಉಳಿಯುತ್ತವೆ. ಟ್ರಿಟಿಯಂ ನೀರಿನ ಅಣುವಿನೊಳಗೇ ಕೂತಿರುವುದರಿಂದ ನೀರು ಹರಿದಲ್ಲೆಲ್ಲ ಹೋಗುತ್ತದೆ. ಅದಕ್ಕೇ ಆರ್‌ಒ ಯಂತ್ರಕ್ಕೂ ಅದನ್ನು ಬೇರೆ ಮಾಡಲು ಬರುವುದಿಲ್ಲ. ಕುದಿಸಿದರೂ ಪ್ರಯೋಜನವಿಲ್ಲ.

ಟ್ರಿಟಿಯಂ ಸೂಸುವ ಬೀಟಾ ಕಿರಣ ಎಷ್ಟು ದುರ್ಬಲ ಅಂದರೆ ನಮ್ಮ ಚರ್ಮದ ಹೊರಪದರವನ್ನೇ ದಾಟಲಾರದು. ಮೀಟರಿನ ಕೊಳವೆಯೊಳಗೆ ಹೋಗುವುದಂತೂ ದೂರದ ಮಾತು. 2009ರ ನವೆಂಬರ್‌ನಲ್ಲಿ ಕೈಗಾ ಸ್ಥಾವರದ ಒಳಗೇ, ಕುಡಿಯುವ ನೀರಿನ ಕೂಲರ್‌ಗೆ ಯಾರೋ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ದು ನೆನಪಿರಬಹುದು. ಅದು ಸಿಕ್ಕಿಬಿದ್ದದ್ದು ನೌಕರರ ಮೂತ್ರ ಪರೀಕ್ಷೆಯಲ್ಲಿ. ಬಾವಿಗೂ ಆ ಘಟನೆಗೂ ಸಂಬಂಧವಿಲ್ಲ, ಬಿಡಿ.

ಸರಿಯಾದ ಪರೀಕ್ಷೆ ಹೀಗಿರುತ್ತದೆ. ಬಾಟಲಿಗೆ ಗಾಳಿ ಉಳಿಯದಂತೆ ಕಂಠಪೂರ್ತಿ ನೀರು ತುಂಬಬೇಕು. ಕತ್ತಲಲ್ಲಿ ಹೊಳೆಯುವ ಮುಳ್ಳಿನ ವಾಚ್ ಕಟ್ಟಿಕೊಂಡು ನೀರು ತೆಗೆಯಲು ಹೋಗಬಾರದು. ಕೆಲವು ವಾಚ್‌ಗಳ ಹೊಳಪಿಗೆ ಟ್ರಿಟಿಯಂ ಬಳಸಿರುತ್ತಾರೆ! ಲ್ಯಾಬಿನಲ್ಲಿ ನೀರನ್ನು ಬಟ್ಟಿ ಇಳಿಸಿ, ಅದರಲ್ಲಿ ಕೆಲವೇ ಮಿಲಿ ಲೀಟರನ್ನು ಸಿಂಟಿಲೇಶನ್ ದ್ರವದ (ಕಿರಣ ತಾಗಿದರೆ ಮಿಂಚುವ ದ್ರವ) ಜೊತೆ ಪುಟ್ಟ ಸೀಸೆಯಲ್ಲಿ ಕಲಸುತ್ತಾರೆ. ಹೊರಗಿನ ಬೆಳಕಿನಿಂದ ಹುಟ್ಟಿದ ಮಿಣುಕು ಆರಲಿ ಅಂತ ಸೀಸೆಯನ್ನು ಕೆಲ ಗಂಟೆ ಕತ್ತಲಲ್ಲಿಡುತ್ತಾರೆ. ಆಮೇಲೆ ಯಂತ್ರ ಒಂದೊಂದೇ ಮಿಂಚನ್ನು ಎಣಿಸುತ್ತದೆ. ಫಲಿತಾಂಶ ಬರುವುದು ಲೀಟರಿಗೆ ಇಷ್ಟು ಬೆಕೆರೆಲ್ ಅಂತ. ಸೆಕೆಂಡಿಗೆ ಒಂದು ಪರಮಾಣು ಕಿರಣ ಸೂಸಿ ಬದಲಾದರೆ ಅದು ಒಂದು ಬೆಕೆರೆಲ್.

ಎಷ್ಟಿದ್ದರೆ ಹೆಚ್ಚು? ಇಲ್ಲಿ ದೇಶಗಳ ನಡುವೆಯೇ ಒಮ್ಮತವಿಲ್ಲ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಲೀಟರಿಗೆ 10,000 ಬೆಕೆರೆಲ್ ಅನ್ನುತ್ತದೆ. ಅಮೆರಿಕದ ಮಿತಿ 740. ಕುಡಿದ ಟ್ರಿಟಿಯಂನಲ್ಲಿ ಅರ್ಧದಷ್ಟು ಸುಮಾರು 10 ದಿನಗಳಲ್ಲಿ ಮೈಯಿಂದ ಹೊರಗೆ ಹೋಗುತ್ತದೆ. ಮಳೆನೀರಲ್ಲೂ ಒಂದಿಷ್ಟು ಟ್ರಿಟಿಯಂ ಇದ್ದೇ ಇರುತ್ತದೆ, ಕಾಸ್ಮಿಕ್ ಕಿರಣಗಳ ಕೃಪೆ.

ನಿಮ್ಮ ಬಾವಿಗಿಂತ ನಾನು ಮೊದಲು ನೋಡುವುದು ಸ್ಥಾವರದ ಆವರಣದ ಬೋರ್‌ವೆಲ್‌ಗಳನ್ನು. ಸೋರಿಕೆ ಸಾಮಾನ್ಯವಾಗಿ ಶುರುವಾಗುವುದು ನೆಲದಡಿಯ ಪೈಪು, ವಾಲ್ವ್, ಇಂಧನದ ಕೊಳದಂಥ ಕಡೆ. ಊರ ಬಾವಿಯಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ವರ್ಷಗಳೇ ಕಳೆದಿರಬಹುದು. ಅಮೆರಿಕದ ಇಲಿನಾಯ್ ರಾಜ್ಯದ ಬ್ರೇಡ್‌ವುಡ್ ಸ್ಥಾವರದಲ್ಲಿ ಆದದ್ದು ಇದೇ. ನದಿಗೆ ನೀರು ಬಿಡುವ ಪೈಪಿನ ವಾಲ್ವ್‌ಗಳು 1996ರಿಂದ 2000ದವರೆಗೆ ಪದೇ ಪದೇ ಸೋರಿದವು. ಸುತ್ತಲಿನ ಜನಕ್ಕೆ ಪೂರ್ತಿ ವಿಷಯ ತಿಳಿದದ್ದು 2005–06ರಲ್ಲಿ. ಅದಾದ ಮೇಲೆ ಅಲ್ಲಿನ ಅಣು ವಿದ್ಯುತ್ ಕಂಪನಿಗಳು ಅಂತರ್ಜಲದ ತಪಾಸಣೆಗೇ ಒಂದು ಒಪ್ಪಂದ ಮಾಡಿಕೊಂಡವು. ಕುಡಿದವರಿಗೆ ಹಾನಿಯಾಗುವಷ್ಟು ಇತ್ತೋ ಇಲ್ಲವೋ ಆಮೇಲಿನ ಮಾತು, ಹೇಳದೆ ಇದ್ದದ್ದಕ್ಕೇ ಜನ ಸಿಟ್ಟಾದರು. ತಪ್ಪೇನಿಲ್ಲ, ಅಲ್ವಾ?

ನಮ್ಮಲ್ಲಿ ಪ್ರತಿ ಅಣು ಸ್ಥಾವರಕ್ಕೂ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಪರಿಸರ ಸಮೀಕ್ಷಾ ಪ್ರಯೋಗಾಲಯ ಇರುತ್ತದೆ. ಕೈಗಾದಲ್ಲೂ ಇದೆ. ಸ್ಥಾವರದಿಂದ ಸುಮಾರು 30 ಕಿ.ಮೀ. ದೂರದವರೆಗಿನ ನೀರು, ಮಣ್ಣು, ಹಾಲು, ಮೀನಿನ ಮಾದರಿಗಳನ್ನು ಅದು ಪರೀಕ್ಷಿಸುತ್ತದೆ. ಪಂಚಾಯಿತಿ ಮೂಲಕ ಪತ್ರ ಬರೆದು ನಿಮ್ಮೂರಿನ ಅಂಕಿಗಳನ್ನು ಕೇಳಿ. ‘ಮಿತಿಯೊಳಗಿದೆ’ ಅನ್ನುವ ಒಂದು ಸಾಲಿನ ಉತ್ತರ ಬಂದರೆ ಸುಮ್ನಾಗಬೇಡಿ. ಯಾವ ಬಾವಿ, ಯಾವ ತಾರೀಖು, ಎಷ್ಟು ಬೆಕೆರೆಲ್, ಯಂತ್ರ ಗುರುತಿಸಬಲ್ಲ ಕನಿಷ್ಠ ಮಟ್ಟ ಎಷ್ಟು ಅಂತ ಮತ್ತೆ ಕೇಳಿ.

ಆರ್‌ಒ ಬಗ್ಗೆ ಇನ್ನೊಂದು ಮಾತು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಆಳದ ಬೋರ್‌ವೆಲ್ ನೀರು ಕುಡಿಯುವ ಓದುಗರಿಗೆ ಅದು ಉಪಯೋಗಕ್ಕೆ ಬರುತ್ತದೆ. ಅಲ್ಲಿ ಹತ್ತಿರದಲ್ಲಿ ಯಾವ ರಿಯಾಕ್ಟರೂ ಇಲ್ಲ, ಆದರೆ ಗ್ರಾನೈಟ್ ಬಂಡೆಯ ಯುರೇನಿಯಂ ನೀರಿಗೆ ಇಳಿಯುತ್ತದೆ. ಅದನ್ನು ಆರ್‌ಒ ಬಹುಪಾಲು ತಡೆಯುತ್ತದೆ.