ನದಿಯ ಮೇಲೊಂದು ನಿಧಾನದ ವಾರ

ಪ್ರಶ್ನೆ: ನಾವು ನಿವೃತ್ತ ದಂಪತಿ, ಸಸ್ಯಾಹಾರಿಗಳು. ಯುರೋಪಿನಲ್ಲಿ ಜನಜಂಗುಳಿಯಿಲ್ಲದ ಕಡೆ ಒಂದು ವಾರ ಹಡಗಿನಲ್ಲಿ ಸುತ್ತುವ ಆಸೆ. ಎಲ್ಲಿಗೆ, ಯಾವಾಗ ಹೋಗಬಹುದು?

ಉತ್ತರ: ಪೋರ್ಚುಗಲ್‌ನ ಡೌರೊ ನದಿ ನಿಮಗೆ ಹೇಳಿ ಮಾಡಿಸಿದ ಜಾಗ. ಪೋರ್ಟೊದಿಂದ ಸ್ಪೇನ್ ಗಡಿಯವರೆಗೆ ಸುಮಾರು 210 ಕಿ.ಮೀ., ದಾರಿಯಲ್ಲಿ ಐದು ಅಣೆಕಟ್ಟು. ಕರಪತೆಲೊ ಅಣೆಕಟ್ಟಿನಲ್ಲಿ ಹಡಗು ಕಾಂಕ್ರೀಟ್ ತೊಟ್ಟಿಯೊಂದರೊಳಗೆ ನಿಲ್ಲುತ್ತದೆ, ಗೇಟು ಮುಚ್ಚಿ ನೀರು ತುಂಬುತ್ತಾರೆ, ಹಡಗು 35 ಮೀಟರ್ ಮೇಲೇರುತ್ತದೆ. ಒದ್ದೆ ಗೋಡೆ ಕೈಗೆಟಕುವಷ್ಟು ಹತ್ತಿರ ಇರುತ್ತದೆ. ಕೈ ಮಾತ್ರ ಚಾಚಬೇಡಿ.

ಪ್ರವಾಸಿ ಹಡಗುಗಳು ಇಲ್ಲಿ ರಾತ್ರಿ ಸಾಗುವುದಿಲ್ಲ. ಸಂಜೆಗೆ ದಡ ಸೇರುವುದರಿಂದ ಊರೊಳಗೆ ನಡೆದಾಡಬಹುದು. ಪಿನ್ಯಾಂವ್‌ನಲ್ಲಿ ಇಳಿದರೆ ರೈಲು ನಿಲ್ದಾಣದ ಗೋಡೆಯ ನೀಲಿ ಹೆಂಚುಗಳಲ್ಲಿ ದ್ರಾಕ್ಷಿ ಕೊಯ್ಲಿನ ಚಿತ್ರಗಳಿವೆ, ಖಂಡಿತ ನೋಡಿ. ಅಲ್ಲಿಂದ ಮೇಲಕ್ಕೆ, ಪೊಸಿನ್ಯೊ ಕಡೆಗೆ ಹೋದಷ್ಟೂ ನದಿ ನಿಶ್ಶಬ್ದ.

ಮೇ ಅಥವಾ ಅಕ್ಟೋಬರ್ ಆರಿಸಿಕೊಳ್ಳಿ. ಜುಲೈ, ಆಗಸ್ಟ್‌ನಲ್ಲಿ ಕಣಿವೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಸೆಪ್ಟೆಂಬರ್ ಕೊಯ್ಲಿನ ಕಾಲ, ಜನ ಹೆಚ್ಚು. ಚಳಿಗಾಲದ ಮಳೆಗೆ ನೆರೆ ಬಂದರೆ ಸಂಚಾರ ನಿಲ್ಲಿಸಿ ಬಸ್ಸಿನಲ್ಲಿ ಕರೆದೊಯ್ಯುವುದುಂಟು.

ಊಟದ ವಿಷಯ ಬುಕಿಂಗ್ ಹೊತ್ತಿಗೇ ಬರೆದು ತಿಳಿಸಿ. 'ಕಾಲ್ದು ವೆರ್ದೆ' ಸೊಪ್ಪಿನ ಸಾರಿನಂತೆ ಕಂಡರೂ ಅದರಲ್ಲಿ ಹಂದಿಮಾಂಸದ ಸಾಸೇಜ್ ತುಂಡು ಇರುತ್ತದೆ.

ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾ ಒಂದೇ ಸಾಕು, ಸ್ಪೇನ್‌ಗೂ ಅದೇ ನಡೆಯುತ್ತದೆ. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯುರೋಗಳ ವೈದ್ಯಕೀಯ ವಿಮೆ ಕಡ್ಡಾಯ.